ಭಂಡಾರ ಹಿಡಿದು ಆಡಿದ ಮಾತು

ಕುರಿಮರಿಗಳ ಕಾಲು ಮೊಣಕಾಲಿನತನಕ ನೀಲಿಯಾಗಿದ್ದವು.

"ಏನ್ರೀ, ನಿಮ್ಮ ಮರಿಗೆ ಸಾಕ್ಸ್ ಹಾಕೀರೇನು?" ಹಳ್ಳದ ದಂಡೆಯಲ್ಲಿ ಸಸಿ ಹಿಡಿದು ನಿಂತಿದ್ದ ಕಲ್ಮೇಶ ನಕ್ಕ.

"ಬಣ್ಣದ ಕಂಪನ್ಯಾವ್ರು ಪುಗಸಟ್ಟೆ ಹಾಕ್ಯಾರ್ರಿ. ನೀವೂ ನೀರಿಗೆ ಇಳೀರಿ, ನಿಮಗೂ ಒಂದು ಜೋಡಿ ಸಿಗತಾವ," ಎಂದಳು ಮರಿಗಳನ್ನು ಹಳ್ಳ ದಾಟಿಸುತ್ತಿದ್ದ ಪೂನಮ್.

ಅವನ ನಗು ಅಲ್ಲೇ ನಿಂತುಹೋಯಿತು. ಹಾಗೆ ನಿಂತುಹೋದ ನಗುವೇ ಅವಳಿಗೆ ಹಿಡಿಸಿತು.

ಅವನು ತೇರದಾಳದವನು, ಬೆಂಗಳೂರಿನ ದೊಡ್ಡ ಲಾ ಫರ್ಮೊಂದರ ವಕೀಲ. ಪರಿಸರ, ಸಮಾಜ ಎಂದು ಫರ್ಮು ವರ್ಷಕ್ಕೊಂದು ಪುಣ್ಯದ ಕೆಲಸ ಹಿಡಿಯುತ್ತಿತ್ತು. ಆ ವರ್ಷ ಬನಹಟ್ಟಿ ಕಡೆಯ ಈ ಹಳ್ಳಕ್ಕೆ ಗಿಡ ನೆಡುವುದು. 'ಗಿಡ ಆಮೇಲೆ, ಮೊದಲು ನೀರು' ಎಂದು ಕಲ್ಮೇಶ ಮೇಲಿನವರನ್ನು ಒಪ್ಪಿಸಿದ. ಬಣ್ಣದ ಕಂಪನಿಯ ಮೇಲೆ ಊರಿನವರು ಹೂಡಿದ ಕೇಸನ್ನು ಫರ್ಮು ಫೀ ಇಲ್ಲದೆ ಹಿಡಿಯಿತು.

ನೀರಿನ ಸ್ಯಾಂಪಲ್ ಒಯ್ಯಲು ಅವನು ಮತ್ತೆ ಮತ್ತೆ ಬಂದ.

"ಹ್ವಾದ ವಾರನೂ ಒಯ್ದಿದ್ರೆಲ್ಲ?"

"ಸಾಲಲಿಲ್ಲ."

"ನೀರು ಸಾಲಲಿಲ್ಲೋ?" ಸೆರಗಿನ ಅಂಚು ಹಲ್ಲಲ್ಲಿ ಕಚ್ಚಿ ಕೇಳಿದಳು. ಅವನು ಬಾಟಲಿಯ ಮುಚ್ಚಳ ತಿರುವುತ್ತಲೇ ಇದ್ದ, ತಿರುವುತ್ತಲೇ ಇದ್ದ.

ಕಲ್ಮೇಶ ಹೆಣ್ಣು ಕೇಳಿದಾಗ ಅವಳ ಅಪ್ಪ ಲಗಮಣ್ಣ ಅಂದ: "ನಾ ಜಾತಿ ನೋಡಾಂವಲ್ಲ ತಮ್ಮಾ, ಮಾತು ನೋಡಾಂವ."

ಕಂಬಳಿ ಹಾಸಿ, ಬೀರಪ್ಪ ದೇವರ ಭಂಡಾರವನ್ನು, ಆಣೆಯ ಅರಿಶಿನ ಪುಡಿಯನ್ನು, ಅವನ ಅಂಗೈಗೆ ಹಾಕಿದ. ಕಲ್ಮೇಶ ಮುಷ್ಟಿ ಬಿಗಿದು ನುಡಿದ: "ಹಳ್ಳ ತಿಳಿ ಆಗೂತನಕ ನಿಮ್ಮ ಕೈ ಬಿಡಾಂಗಿಲ್ಲ."

ಭಂಡಾರ ಹಿಡಿದದ್ದು ಅವನ ಕೈ. ಆ ಮಾತು ನಡೆಸಬೇಕಾದದ್ದು ಫರ್ಮು. ಅದು ಅಂದು ಯಾರಿಗೂ ಹೊಳೆಯಲಿಲ್ಲ.

ಸುಗ್ಗಿಯ ಹೊತ್ತಿಗೆ ಬಣ್ಣದ ಕಂಪನಿಯನ್ನು ಮುಂಬೈನ ಸಾಹುಕಾರರು ಕೊಂಡರು. ಅವರು ಫರ್ಮಿನ ಹಳೆಯ ಕಕ್ಷಿದಾರರು; ಅವರ ವ್ಯವಹಾರದ ಒಳಗುಟ್ಟು ನೋಡಿಕೊಳ್ಳುತ್ತಿದ್ದವನು ಕಲ್ಮೇಶನೇ. ಫರ್ಮು ಊರಿನವರ ಕೇಸಿನಿಂದ ಹಿಂದೆ ಸರಿಯಿತು.

"ನೌಕರಿ ಬಿಟ್ಟು ಬರ್ರಿ," ಎಂದಳು ಪೂನಮ್.

"ಬಿಟ್ಟೇ ಬಂದೇನಿ. ಆದ್ರೂ ಅವರ ವಿರುದ್ಧ ನಾ ನಿಂದ್ರಾಕ ಬರಾಂಗಿಲ್ಲ. ಅವರ ಒಳಗುಟ್ಟು ತಿಳದಾಂವ ನಾ, ಕಾಯ್ದೆ ಬಿಡಾಂಗಿಲ್ಲ."

ಲಗಮಣ್ಣ ಬೈಯಲಿಲ್ಲ. ಮಜ್ಜಿಗೆ ಕೊಡಿಸಿದ, ಆಮೇಲೆ ಮೆಲ್ಲಗೆ ಹೇಳಿದ: "ನೀ ಛಲೋ ಹುಡುಗ, ತಮ್ಮಾ. ಆದ್ರ ಮಾತು ಕೊಟ್ಟಿದ್ದು ದೇವರ ಮುಂದ. ಹಳ್ಳ ತಿಳಿ ಆಗೂತನಕ ನಾ ಹೆಣ್ಣು ಹ್ಯಾಂಗ ಕೊಡ್ಲಿ?"

ಪೂನಮ್ ಬಸ್ಸಿನತನಕ ಜೊತೆಗೆ ನಡೆದಳು. ಜಮಖಂಡಿಯ ವಕೀಲರೊಬ್ಬರು ಕೇಸು ಹಿಡಿದಿದ್ದರು. ಮೊದಲ ಸಾಕ್ಷಿ ಅವಳೇ.

"ತಾರೀಖಿನ ದಿವಸ ಕೋರ್ಟಿಗೆ ಬಂದು ಹಿಂದ ಕುಂಡ್ರತೀನಿ," ಎಂದ ಕಲ್ಮೇಶ. "ಮಾತಾಡಾಕ ಬರದಿದ್ರ ಏನಾತು, ನಿನ್ನ ನೋಡಾಕ ಬರತೈತೆಲ್ಲ."

"ಬರಬ್ಯಾಡ್ರಿ."

"ಯಾಕ?"

ಬಸ್ಸು ಬಂತು. ಅವಳು ಅವನ ತೋಳಿನ ಮೇಲಿನ ಧೂಳನ್ನು ಎಂದೂ ಇಲ್ಲದಂತೆ ಕೈಯಾರೆ ಒರೆಸಿದಳು.

"ಜಡ್ಜ್ ಸಾಹೇಬ್ರು ಕೇಳೂವಾಗ ನಿಮ್ಮ ಮಾರಿ ಕಂಡ್ರ, ಹಳ್ಳದ ನೀರು ತಿಳಿ ಐತ್ರಿ ಅಂದುಬಿಡ್ತೀನಿ."