ಒಂದೇ ಒಂದು ಕೆಂಪು ಚೀಲ

"ಅದನ್ನ ಬಿಚ್ಚಬೇಡ!"

ಅಮ್ಮನ ದನಿ ಕೇಳಿ ಯಾಕಮ್ಮ ಕೆಂಪು ಚೀಲದ ಗಂಟಿನಿಂದ ಬೆರಳು ತೆಗೆದಳು. ಅವಳ ನಿಜವಾದ ಹೆಸರು ಬೇರೆ. ಬಾಯಿ ತೆರೆದರೆ 'ಯಾಕೆ' ಎನ್ನುತ್ತಾಳೆಂದು ಮನೆಯವರಿಗೆಲ್ಲ ಅವಳು ಯಾಕಮ್ಮ.

"ಯಾಕೆ? ಒಳಗೇನಿದೆ?"

"ಕಸ."

"ಯಾವ ಕಸ? ಸಿಪ್ಪೆಯೆಲ್ಲಾ ಗೊಬ್ಬರದ ಡ್ರಮ್ಮಿಗೆ ಹೋಯ್ತು. ಪೇಪರ್, ಬಾಟಲಿ ಬೇರೆ ಹೋಯ್ತು. ಇನ್ನೇನು ಉಳೀತು?"

"ಶೂ ಹಾಕ್ಕೋ, ಸ್ಕೂಲಿಗೆ ಟೈಮಾಯ್ತು."

ಯಾವುದಕ್ಕೂ ಬಾರದ ಕಸ ಮಾತ್ರ ಕೆಂಪು ಚೀಲಕ್ಕೆ. ಬೀದಿಯಲ್ಲಿ ಒಂದೂ ಕೆಂಪು ಚೀಲ ಕಾಣದ ದಿನ ತಿರುವಿನ ಗೋಡೆಯ ಮೇಲೆ ದೊಡ್ಡ ಸೊನ್ನೆ ಬರೆಯುವುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಬಣ್ಣ, ಬ್ರಷ್ಷು ಮಕ್ಕಳ ಕೈಗೆ! ಆದರೆ ಹದಿನೆಂಟು ಮನೆಗಳಲ್ಲಿ ಈಗ ಚೀಲ ಇಡುತ್ತಿದ್ದುದು ಇವರ ಮನೆಯೊಂದೇ.

"ಗುಟ್ಟಾಗಿ ಚಿಪ್ಸ್ ತಿಂದು ಪ್ಯಾಕೆಟ್ ಬಿಸಾಕ್ತೀರಾ?" ಎಂದು ಬೇಕರಿಯವರ ಮಗ ದಿನವೂ ರೇಗಿಸುತ್ತಿದ್ದ.

ಸಂಜೆ ಅವಳು ಅಜ್ಜಿಯ ಮಂಚ ಹತ್ತಿ ಕೂತಳು. ಕಾಲು ಮುರಿದಾಗಿನಿಂದ ಅಜ್ಜಿ ಮಂಚ ಬಿಟ್ಟು ಇಳಿದಿರಲಿಲ್ಲ.

"ಅಜ್ಜಿ, ನಮ್ಮನೇಲಿ ಗುಟ್ಟಾಗಿ ಕಸ ಹಾಕೋ ಕಳ್ಳರು ಯಾರೋ ಇದ್ದಾರೆ. ಹಿಡೀತೀನಿ, ನೋಡ್ತಿರು."

ಅಜ್ಜಿ ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡರು. "ಹಿಡಿ, ಹಿಡಿ. ಬಿಡಬೇಡ" ಎಂದು ನಕ್ಕರು.

ಮರುದಿನ ಚೀಲ ಸಣ್ಣದಾಯಿತು. ಅದರ ಮರುದಿನ ಇನ್ನೂ ಸಣ್ಣದು.

"ಕಳ್ಳ ಹೆದರಿದ!" ಯಾಕಮ್ಮ ಕುಣಿದಾಡಿದಳು.

ಆ ಸಂಜೆ ಅಜ್ಜಿಯ ಕೋಣೆಯಿಂದ ಅಮ್ಮನ ಮಾತು ಕೇಳಿಸಿತು. "ತುಟಿ ಒಣಗಿ ಬಿರುಕು ಬಿಟ್ಟಿದೆ ಅತ್ತೆ. ಬೆಳಿಗ್ಗೆ ಇಟ್ಟ ನೀರು ಹಾಗೇ ಇದೆಯಲ್ಲ?"

"ಕುಡಿದಷ್ಟೂ ಡೈಪರ್ ಬದಲಾಯಿಸಬೇಕು. ಚೀಲ ತುಂಬುತ್ತೆ. ಪಾಪ, ಮಗು ಆ ಸೊನ್ನೆಗೆ ಅಷ್ಟು ಆಸೆ ಇಟ್ಕೊಂಡಿದೆ ಕಣೇ."

"ನಾನು ಅವಳಿಗೆ ಹೇಳ್ತೀನಿ."

"ಬೇಡ. ನಂಗೆ ನಾಚಿಕೆ."

ಯಾಕಮ್ಮ ಬಾಗಿಲ ಹೊರಗೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಅಮ್ಮ ಆಚೆ ಹೋಗುವವರೆಗೆ ಕಾದು, ಎರಡು ಲೋಟ ನೀರು ಹಿಡಿದು ಒಳಗೆ ಬಂದಳು.

"ಅಜ್ಜಿ, ರೇಸು! ಸೋತವರು ಇನ್ನೊಂದು ಲೋಟ ಕುಡೀಬೇಕು."

"ನಂಗೆ ಬಾಯಾರಿಕೆ ಇಲ್ಲಮ್ಮ."

"ಸೋಲ್ತೀನಿ ಅಂತ ಭಯಾನಾ?"

"ಯಾರಿಗೆ ಭಯ? ಕೊಡಿಲ್ಲಿ!"

ಅಜ್ಜಿ ಗಟಗಟನೆ ಕುಡಿದರು. ಆದರೂ ಸೋತರು. ಇನ್ನೊಂದು ಲೋಟವನ್ನೂ ಕುಡಿದರು.

ಬೆಳಿಗ್ಗೆ ಕೆಂಪು ಚೀಲವನ್ನು ಕಸದ ಗಾಡಿಯವರೆಗೆ ಯಾಕಮ್ಮನೇ ಹೊತ್ತುಕೊಂಡು ಹೋದಳು.

"ಹೋಯ್ತು, ಇವತ್ತೂ ಸೊನ್ನೆ ಹೋಯ್ತು!" ಬೇಕರಿಯವರ ಮಗ ಕೂಗಿದ.

ಕಸದ ಗಾಡಿಯ ಅಕ್ಕ ಚೀಲವನ್ನು ಎತ್ತಿ ನೋಡಿದಳು. "ಏನೇ ಇದು, ಇಷ್ಟು ಭಾರ ಇದೆ?"

"ಹೂಂ ಅಕ್ಕಾ, ತುಂಬಾ ಭಾರ!" ಎಂದಳು ಯಾಕಮ್ಮ, ಮುಖವರಳಿಸಿ.