ನಲ್ಲಿ ನೀರಿನ ದೀಕ್ಷಾಸ್ನಾನ

ಚರ್ಚಿನ ಗುಮಾಸ್ತ ಕಂದು ಲಕೋಟೆ ಹಿಡಿದು ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತದ್ದು ಕಂಡು ನರ್ಸ್‌ಗೆ ಮೈಯೆಲ್ಲ ಉರಿಯಿತು.

ಬೇರೆ ದಿನವಾಗಿದ್ದರೆ ಅವಳು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಪ್ರಾರ್ಥನೆ ಬೇಕಾದ ರೋಗಿಗಳ ಪಟ್ಟಿ ಒಯ್ಯಲು ಅವನು ಒಂದು ವರ್ಷದಿಂದ ಪ್ರತಿ ಗುರುವಾರ ಬರುತ್ತಿದ್ದ. ಎರಡು ನಿಮಿಷದ ಕೆಲಸವನ್ನು ಅರ್ಧ ಗಂಟೆ ಎಳೆಯುತ್ತಿದ್ದ. ಪಟ್ಟಿ ಓದುವ ನೆಪದಲ್ಲಿ ಅವಳನ್ನು ನೋಡುವುದು, ಸಿಕ್ಕಿಬಿದ್ದರೆ ಕಿವಿ ಕೆಂಪಗೆ ಮಾಡಿಕೊಳ್ಳುವುದು. ಊರೆಲ್ಲ ಅವಳನ್ನು 'ಸಿಸ್ಟರ್' ಎಂದರೂ ಇವನ ಬಾಯಲ್ಲಿ ಮಾತ್ರ ಆ ಪದ ಒಂದು ದಿನವೂ ಬಂದಿರಲಿಲ್ಲ. ಅದಕ್ಕೇ ಅವನೆಂದರೆ ಅವಳಿಗೆ ಪ್ರಾಣ.

ಇವತ್ತು ಮಾತ್ರ ಅವನ ಮುಖವೇ ಬೇಡವಾಗಿತ್ತು.

"ಕ್ಷಮಾಪಣೆ ಪತ್ರಾನಾ? ನೀವೇ ಟೈಪ್ ಮಾಡಿದ್ದಾ?"

"ಹೌದು, ನಾನೇ."

"ಚೆನ್ನಾಗಿ ಮಾಡಿದೀರ. ಕಳಿಸಿದೋರಿಗೆ ಹೇಳಿ, ಸಹಿ ಹಾಕಲ್ಲ."

ಮೊನ್ನೆ ತಿಂಗಳು ತುಂಬದೆ ಹುಟ್ಟಿದ ಹೆಣ್ಣುಮಗುವೊಂದು ಉಸಿರಿಗೆ ಒದ್ದಾಡುತ್ತಿತ್ತು. ದೀಕ್ಷಾಸ್ನಾನ ಮಾಡಿಸಿ ಎಂದು ತಾಯಿ ಅಂಗಲಾಚಿದಳು. ಪಾದ್ರಿಗಳು ಊರಲ್ಲಿರಲಿಲ್ಲ. ನರ್ಸ್ ವಾರ್ಡಿನ ನಲ್ಲಿಯಿಂದ ಅಂಗೈಯಲ್ಲಿ ನೀರು ಹಿಡಿದು, ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ಮೂರು ಸಲ ಮಗುವಿನ ಹಣೆಗೆ ಹಾಕಿದಳು. ಹತ್ತು ನಿಮಿಷದಲ್ಲಿ ಮಗು ಹೋಯಿತು.

ಸುದ್ದಿ ಕೇಳಿ ಚರ್ಚಿನ ಸಮಿತಿಯ ಹಿರಿಯರು ಕೆಂಡವಾದರು. ದೀಕ್ಷೆ ಕೊಟ್ಟವಳು ಹೆಂಗಸು, ನೀರು ನಲ್ಲಿಯದು! ತಪ್ಪಾಯಿತು, ಅದು ದೀಕ್ಷೆಯೇ ಅಲ್ಲವೆಂದು ಅವಳು ಬರೆದುಕೊಡಬೇಕಂತೆ. ಬರೆದುಕೊಟ್ಟರೆ ದೀಕ್ಷೆಯಿಲ್ಲದ ಮಗುವಿಗೆ ಕ್ರೈಸ್ತ ಸಭೆಯ ಸ್ಮಶಾನದಲ್ಲಿ ಜಾಗವಿಲ್ಲ. ಕೊಡದಿದ್ದರೆ ಇವಳಿಗೆ ಸಭೆಯಲ್ಲಿ ಜಾಗವಿಲ್ಲ.

"ಆ ಮಗೂನ ಯೇಸು ಎತ್ಕೊಂಡಾಗಿದೆ," ಎಂದಳು. "ಇಲ್ಲ ಅಂತ ನಾನು ಹೇಗೆ ಬರೀಲಿ?"

"ಬರೀಬೇಡಿ. ಸಹಿ ಹಾಕಬೇಡಿ ಅಂತ ಹೇಳೋಕೇ ನಾನು ಓಡಿ ಬಂದಿದ್ದು."

ಅವಳು ಬೆಪ್ಪಾಗಿ ನೋಡಿದಳು.

"ಮೊನ್ನೆ ಮಗುವಿನ ಅಪ್ಪ ಅಳುತ್ತಾ ಆಫೀಸಿಗೆ ಬಂದಿದ್ದ. ಆವಾಗಲೇ ರಿಜಿಸ್ಟರಿನಲ್ಲಿ ಬರೆದುಬಿಟ್ಟೆ. ಮಗುವಿನ ಹೆಸರು, ದೀಕ್ಷೆ ಕೊಟ್ಟವರು ಅನ್ನೋ ಕಡೆ ನಿಮ್ಮ ಹೆಸರು. ಷರಾದಲ್ಲಿ 'ವಾರ್ಡಿನ ನಲ್ಲಿ ನೀರು' ಅಂತಲೂ ಹಾಕಿದೆ. ಸುಳ್ಳು ಯಾಕೆ ಬರೀಲಿ? ಶಾಯಿಯಲ್ಲಿ ಬರೆದದ್ದನ್ನ ಹೊಡೆದುಹಾಕಬೇಕಾದ್ರೆ ದೀಕ್ಷೆ ಕೊಟ್ಟವರೇ ಬರೆದುಕೊಡಬೇಕು. ಸಮಿತಿಯವರದ್ದೇ ನಿಯಮ, ಅವರೇ ಗೋಡೆಗೆ ಹಾಕ್ಸಿರೋದು."

"ಅಂದ್ರೆ..."

"ತಾವು ತೋಡಿದ ಗುಂಡಿಗೆ ತಾವೇ ಬಿದ್ರು. ಪಾದ್ರಿಗಳು ಬೆಳಿಗ್ಗೆ ವಾಪಸ್ ಬಂದ್ರು. 'ನಾನು ಮಾಡಬೇಕಿದ್ದ ಕೆಲಸ ಆ ಹುಡುಗಿ ಮಾಡಿದಾಳೆ. ಅವಳು ಸಹಿ ಹಾಕದಿದ್ರೆ ನಾಳೆ ಹತ್ತಕ್ಕೆ ಸಮಾಧಿ. ಅವಳನ್ನ ಸಭೆಯಿಂದ ತೆಗೀಬೇಕಾದ್ರೆ ಮೊದಲು ನನ್ನನ್ನ ತೆಗೀರಿ' ಅಂದ್ರು."

ಎರಡು ದಿನದಿಂದ ಕಲ್ಲಾಗಿದ್ದ ಎದೆ ಹಗುರಾಯಿತು. ಔಷಧಿ ಟ್ರಾಲಿ ಹಿಡಿದುಕೊಂಡು ಅವಳು ಗಳಗಳನೆ ಅತ್ತಳು. ಅವನು ಕರವಸ್ತ್ರಕ್ಕಾಗಿ ಜೇಬು ತಡಕಿ, ಸಿಗದೆ, ಟ್ರಾಲಿಯಿಂದಲೇ ಹತ್ತಿ ತೆಗೆದುಕೊಟ್ಟ. ಅವಳಿಗೆ ಅಳುವಿನಲ್ಲೂ ನಗು ಬಂತು.

"ನಿಮ್ಮ ಕೆಲಸ?"

"ಹೋಯ್ತು. ಈ ಲಕೋಟೆ ತಲುಪಿಸೋದೇ ಕೊನೇ ಕೆಲಸ ಅಂತ ಸಮಿತಿ ಕಾರ್ಯದರ್ಶಿಗಳು ಮುಖಕ್ಕೇ ಹೇಳಿದ್ರು. ಕೆಲಸಕ್ಕೇನು, ಟೈಪಿಂಗ್ ಬರೋನಿಗೆ ಎಲ್ಲಾದ್ರೂ ಸಿಗುತ್ತೆ. ಗುರುವಾರ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ, ಅದೇ ಸಂಕಟ."

"ಮದುವೆ ಆಗೋಣ. ಆಮೇಲೆ ನೆಪ ಬೇಕಾಗಲ್ಲ."

"ನಾನಿನ್ನೂ ಕೇಳೇ ಇಲ್ವಲ್ಲ!"

"ನೀವು ಕೇಳೋ ಹೊತ್ತಿಗೆ ನನಗೆ ಪಿಂಚಣಿ ಬಂದಿರುತ್ತೆ."

ಬಾಣಂತಿಯೊಬ್ಬಳು ಹೊದಿಕೆಯೊಳಗೆ ಕಿಸಕ್ಕನೆ ನಕ್ಕಳು. ಗುಮಾಸ್ತ ಅತ್ತಿತ್ತ ನೋಡಿ, ಧೈರ್ಯ ಮಾಡಿ ಅವಳ ಕೈ ಹಿಡಿದ. ಆ ಕೈ ಬೆಚ್ಚಗಿತ್ತು, ಸ್ಪಿರಿಟ್ ವಾಸನೆ ಬರುತ್ತಿತ್ತು.

"ನಾಳೆ ನಾನು ಆ ತಾಯಿ ಪಕ್ಕ ನಿಂತ್ಕೋತೀನಿ," ಎಂದಳು. "ನೀವು ನನ್ನ ಪಕ್ಕ ನಿಂತ್ಕೋತೀರಾ? ಇಡೀ ಸಮಿತಿ ನೋಡುತ್ತೆ."

"ನೋಡ್ಲಿ ಬಿಡಿ," ಅಂದ ಅವನು.