ಹಸಿರು ಸೀರೆಯ ಕೆಂಪು ಗೆರೆಗಳು

“ಮುಟ್ಟಬ್ಯಾಡ್ರಿ ನನ್ನ!”

ರಾಮಲಿಂಗಪ್ಪ ಚಾಚಿದ ಕೈಯನ್ನು ಅನಸವ್ವ ತಳ್ಳಿಬಿಟ್ಟಳು.

“ಮುಟ್ಟೂದಿಲ್ಲ. ನೀನs ಏಳು. ಬಾಗಲತನಾ ನಡಿ!”

ಕರುಳಿನ ಗಡ್ಡೆ ತೆಗೆಸಿಕೊಂಡು ನಲವತ್ತು ದಿನ. ಮೊದಮೊದಲು ಸೀರೆಯ ನಿರಿಗೆ ಹಿಡಿಯಲೂ ಆಗುತ್ತಿರಲಿಲ್ಲ. ಈಗ ತಾನೇ ಸ್ನಾನ ಮಾಡುತ್ತಾಳೆ, ತಾನೇ ತಲೆ ಬಾಚಿಕೊಳ್ಳುತ್ತಾಳೆ. ಅರವತ್ತೇಳರ ಜೀವಕ್ಕೆ ಇನ್ನೆಷ್ಟು ಬೇಕು? ಹೊಟ್ಟೆಯ ಹೊಲಿಗೆಗಿಂತ ಗಂಡನ ಮಾತೇ ಹೆಚ್ಚು ಚುಚ್ಚುತ್ತಿತ್ತು.

“ರೊಟ್ಟಿ ಬಡಿಯಾಕ ಆಳ ಬೇಕಾಗೇತಿ ನಿಮಗ, ಅಲ್ಲ?”

“ಹೌದು. ನಾ ಮಾಡಿದ ರೊಟ್ಟಿ ನಾಯಿನೂ ಮೂಸವಲ್ದು. ನಡಿ!”

ಸಿಟ್ಟಿನಿಂದಲೇ ಬಾಗಿಲಿಗೆ ಹೋಗಿ ಬಂದು ನಡೆದಳು... ಅವನು ಬೆರಳು ಮಡಚಿ ಎಣಿಸಿದ. ಇಪ್ಪತ್ತು ಸುತ್ತಾದ ಮೇಲೆ ಒಳಗೆ ಹೋದ.

ದಿನವೂ ಇದು ಅವಳು ಗುಳಿಗೆ ನುಂಗಿ ಮಲಗುವ ಹೊತ್ತು. ಇವತ್ತು ಸಿಟ್ಟಿಗೆ ನಿದ್ದೆ ಬರಲಿಲ್ಲ. ಆಗ ಕೇಳಿಸಿತು, ಮಗ್ಗದ ಸದ್ದು. ಲಟಕ್... ಲಟಕ್...

ಅವಳು ಎದ್ದು ಕುಳಿತಳು. ಅದು ಅವಳ ಮಗ್ಗ! ತನಗೆಂದೇ ನೇಯುತ್ತಿದ್ದ ಹಸಿರು ಸೀರೆ ಅದರ ಮೇಲೆ ಅರ್ಧಕ್ಕೆ ನಿಂತಿತ್ತು. ಒಬ್ಬರು ನೇಯಲು ಹಿಡಿದ ಸೀರೆಗೆ ಅವರ ಮನೆಯಲ್ಲಿ ಇನ್ನೊಬ್ಬರು ಕೈ ಹಾಕುತ್ತಿರಲಿಲ್ಲ. ಸತ್ತವರು ಅರ್ಧಕ್ಕೆ ಬಿಟ್ಟ ಸೀರೆಯನ್ನಷ್ಟೇ ಉಳಿದವರು ಮುಗಿಸುತ್ತಿದ್ದರು.

‘ಅಂದರೆ... ಇವರ ಪಾಲಿಗೆ ನಾನು ಸತ್ತೆನೇ?’

ಗೋಡೆ ಹಿಡಿದು ಹೋದಳು. ಮಗ್ಗದ ಕೋಣೆಗೆ ಎರಡು ಮೆಟ್ಟಿಲು. ಇಳಿದೇಬಿಟ್ಟಳು!

ಹಸಿರು ಸೀರೆಯ ತುಂಬ ಕೆಂಪು ಗೆರೆಗಳು!

“ನನ್ನ ಸೀರಿ ಕೆಡಿಸಿದ್ರಲ್ಲ! ನಾ ಸಾಯೂತನಾ ತಡೀಲಿಲ್ಲೇನು?”

ರಾಮಲಿಂಗಪ್ಪ ತಲೆ ಎತ್ತಲಿಲ್ಲ.

“ಮೊದಲ ಗೆರಿ ನೋಡು. ಎರಡs ಎಳಿ. ದವಾಖಾನಿಂದ ಬಂದ ದಿನ ಎರಡು ಸುತ್ತು ನಡದಿದ್ದಿ. ದಿನಾ ಎಷ್ಟ ನಡೀತಾಳ, ಬರದಿಡು ಅಂದ್ರು ಡಾಕ್ಟರು. ನನಗ ಬರಿಯಾಕ ಎಲ್ಲಿ ಬರ್ತೈತಿ? ನೇಯಾಕ ಬರ್ತೈತಿ.”

ಅವಳ ಬೆರಳು ಗೆರೆಗಳ ಮೇಲೆ ಸರಿಯಿತು. ಎರಡು... ಮೂರು... ಏಳು... ಒಂದು ಕಡೆ ಬರೀ ಹಸಿರು. ಅಲ್ಲಿ ನೇಯ್ಗೆ ಸಡಿಲಾಗಿತ್ತು.

“ಇಲ್ಲ್ಯಾಕ ಕೆಂಪಿಲ್ಲ?”

“ಅವತ್ತ ನಿನಗ ಜ್ವರಾ. ನೀ ಏಳಲಿಲ್ಲ.”

“ಬಿಗಿನೂ ಇಲ್ಲ...”

“ಕೈ ನಡಗತಿದ್ದವು.” ಅವನು ಎಳೆಯ ಲಾಳಿ ಕೆಳಗಿಟ್ಟ. “ಹೆದರಿದ್ದೆ, ಅನಸೂ.”

ಐವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು!

ಅವನು ಮತ್ತೆ ಕೈ ಚಾಚಿದ. ಈ ಸಲ ಅವಳು ತಳ್ಳಲಿಲ್ಲ. ಅದನ್ನೇ ಹಿಡಿದು ಮೆಲ್ಲಗೆ ಅವನ ಪಕ್ಕ ಕುಳಿತಳು.

“ಇವತ್ತ ಎಷ್ಟ ಎಳಿ?”

“ಇಪ್ಪತ್ತು.”

“ಮೆಟ್ಟಲಾ ಇಳದ ಬಂದದ್ದು ಯಾರ ಲೆಕ್ಕಾ? ಇಪ್ಪತ್ತೊಂದು! ನೀವು ಮಗ್ಗಾ ತುಳೀರಿ, ಲಾಳಿ ನಾ ಒಗೀತೇನಿ.”

ಲಾಳಿಯ ಹಿಂದೆ ಕೆಂಪು ಎಳೆ ಹಸಿರಿನೊಳಗೆ ಹಾದುಹೋಯಿತು.

“ಈ ಗೆರಿಗೆರಿ ಸೀರಿ ಉಟ್ಟರ ಮಂದಿ ನಗ್ತಾರ್ರೀ...”

“ನಗಲಿ. ನೀ ಉಟ್ಟರ ಸಾಕು.”

“ಬಾಯಿ ಮುಚ್ಚಿ ತುಳೀರಿ!” ಎಂದಳು, ಕಣ್ಣೊರೆಸಿಕೊಳ್ಳುತ್ತ.